ಎಡೆದೊರೆ ನಾಡಿನ ಜನವೃತ್ತಾಂತ

ಕೃಷ್ಣೆಗೂ ತುಂಗಭದ್ರೆಗೂ ನಡುವೆ ಹಬ್ಬಿರುವ, ನಮ್ಮ ಶಾಸನಗಳು ಎಡೆದೊರೆ ನಾಡೆಂದು ಹೆಸರಿಸಿರುವ, ಚರಿತ್ರಕಾರರು ರಾಯಚೂರು ದೋಆಬೆಂದು ಕರೆದು ಯುದ್ಧಗಳ ಪ್ರಸಂಗದಲ್ಲಿ ಮಾತ್ರ ನೆನೆಯುವ ಭೂಭಾಗದಲ್ಲಿ, ಪಾಮನಕಲ್ಲೂರಿನಂಥ ಒಂದು ಊರಿನಲ್ಲಿ 1930ರ ಸುಮಾರಿಗೆ ಹುಟ್ಟಿ, ಹುಟ್ಟಿದ ಮನೆಯನ್ನು ಬಿಟ್ಟು ಕದಲದೆಯೇ ತುಂಬು ಆಯುಷ್ಯವನ್ನು ಕಳೆದ ಒಬ್ಬ ಒಕ್ಕಲುಮಗನನ್ನು ಮನಸ್ಸಿಗೆ ತಂದುಕೊಂಡರೆ, ಆತ ಕಂಡ ರಾಜ್ಯಗಳ ಸಂಖ್ಯೆ ಆಶ್ಚರ್ಯಕರವಾಗಿ ತೋರುವುದು. ಬಾಲ್ಯದಲ್ಲಿ ಆತ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಪ್ರಜೆ. 1948ರ ಸೆಪ್ಟೆಂಬರ್ 17ರ ತರುವಾಯ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಸೈನಿಕ ಆಡಳಿತದ ಕೆಳಗಿನವನು. 1952ರಲ್ಲಿ ಹೈದರಾಬಾದ್ ರಾಜ್ಯದ ಶಾಸನಸಭೆಗೆ ಮತ ಹಾಕಿದವನು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದವನು. 1973ರಲ್ಲಿ ಆ ರಾಜ್ಯ ಕರ್ನಾಟಕವೆಂದು ಹೆಸರು ತಳೆದಾಗ ಕರ್ನಾಟಕದವನು. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ತೆಗೆದು 2018ರಲ್ಲಿ ಮಸ್ಕಿಯನ್ನು ಹೊಸ ತಾಲ್ಲೂಕಾಗಿ ಮಾಡಿದಾಗ ಮಸ್ಕಿ ತಾಲ್ಲೂಕಿನವನು. ಆತನ ಹೊಲದ ಕಾಗದಪತ್ರಗಳು ಉರ್ದುವಿನಿಂದ ಕನ್ನಡಕ್ಕೆ ಬಂದುವು, ಕಿಸೆಯಲ್ಲಿದ್ದ ಹಾಲಿ ಸಿಕ್ಕಾ ರೂಪಾಯಿ ಭಾರತದ ರೂಪಾಯಿಯಾಯಿತು. ಹೊಲವೂ ಮನೆಯೂ ಇದ್ದಲ್ಲಿಯೇ ಇದ್ದುವು. ರಾಜ್ಯಗಳು ಬಂದು ಹೋದುವು, ಆತ ನಿಂತನು. ಆತನ ಮೊಮ್ಮಕ್ಕಳ ಕಾಲಕ್ಕೆ ರಾಜ್ಯ ನೆಲೆಯಾಗಿ ನಿಂತಿತು, ಅವರಿಗೆ ನಿಲ್ಲುವುದು ಆಗಲಿಲ್ಲ.

ಒಂದು ರಾಜ್ಯ ಒಡೆದು ಹಲವು ರಾಜ್ಯಗಳಾದ ಮೇಲೆ ಅಲ್ಲಿನ ಜನ ಏನಾಗುತ್ತಾರೆ, ಹೆಚ್ಚುತ್ತಾರೆಯೇ, ಕುಗ್ಗುತ್ತಾರೆಯೇ, ಊರುಗಳಲ್ಲಿ ತರುಣರು ಉಳಿಯುತ್ತಾರೆಯೇ ಅಥವಾ ವೃದ್ಧರು ಮಾತ್ರ ಉಳಿಯುತ್ತಾರೆಯೇ ಎಂಬ ಪ್ರಶ್ನೆಯನ್ನು ಈಚಿನ ದಶಕಗಳಲ್ಲಿ ಪೂರ್ವ ಯುರೋಪಿನ ದೇಶಗಳನ್ನು ಕುರಿತು ಪಂಡಿತರು ಬಹಳವಾಗಿ ಚರ್ಚಿಸಿದ್ದಾರೆ. ಆ ಪ್ರಶ್ನೆಯನ್ನು ನಮ್ಮ ಎಡೆದೊರೆಯ ಮುಂದಿಟ್ಟು ಕೇಳಬೇಕೆಂಬುದು ನನ್ನ ಆಸೆ. ಏಕೆಂದರೆ ರಾಜ್ಯಗಳ ಭಂಗವನ್ನು ಈ ನೆಲ ಕಂಡಷ್ಟು ಸಲ ಕಂಡ ನೆಲಗಳು ಈ ದೇಶದಲ್ಲಿ ಹೆಚ್ಚಿಲ್ಲ.

ಪುರಾತನ ಕಾಲದ ಮಾತನ್ನು ಬೇಗನೆ ಮುಗಿಸಬಹುದು. ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಶೋಕನ ಹೆಸರುಳ್ಳ ಶಾಸನವಿರುವುದನ್ನು ನಿಜಾಮ ಸರ್ಕಾರದ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬವರು 1915ರಲ್ಲಿ ಕಂಡುಹಿಡಿದರು. ಮೌರ್ಯರ ರಾಜ್ಯ ಅಳಿದು ಎರಡು ಸಹಸ್ರ ವರ್ಷಗಳಾದ ಮೇಲೆ ಅದರ ಮೇರೆ ಇಲ್ಲಿಯವರೆಗೆ ಬಂದಿತ್ತೆಂಬುದು ಹೀಗೆ ಜನಕ್ಕೆ ತಿಳಿಯಿತು. ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಮುದುಗಲ್ಲು ರಾಯಚೂರು ಕೋಟೆಗಳಿಗಾಗಿ ಶತಮಾನಕ್ಕೂ ಹೆಚ್ಚು ಕಾಲ ಹೋರಾಡಿದರು; ಬಹಮನಿ ರಾಜ್ಯ ಒಡೆದು ಐದಾಯಿತು; 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದನು; 1565ರಲ್ಲಿ ವಿಜಯನಗರವೇ ಮುರಿದುಬಿತ್ತು. ಅದಾದ ಎರಡು ವರ್ಷಕ್ಕೆ ಆ ಪಟ್ಟಣಕ್ಕೆ ಬಂದ ಇಟಲಿಯ ವರ್ತಕ ಸೀಸರ್ ಫ್ರೆಡರಿಕ್, ಮನೆಗಳು ನಿಂತಿವೆ, ಒಳಗೆ ಜನರಿಲ್ಲ, ಹುಲಿಗಳೂ ಕಾಡುಮೃಗಗಳೂ ಇವೆಯೆಂದು ಹೇಳುತ್ತಾರೆ ಎಂಬರ್ಥದ ಮಾತನ್ನು ಬರೆದಿಟ್ಟಿದ್ದಾನೆ. ರಾಜ್ಯಭಂಗದಿಂದ ಒಂದು ನಗರ ಹೇಗೆ ಬರಿದಾಗುವುದೆಂಬುದಕ್ಕೆ ನಮ್ಮ ನಾಡಿನಲ್ಲಿ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇರೆ ಬೇಕಿಲ್ಲ. ಆದರೆ ನಗರ ಬರಿದಾದುದು ಅರಮನೆಯನ್ನೂ ದಂಡನ್ನೂ ಪೇಟೆಯನ್ನೂ ನಂಬಿದ್ದ ಜನ ಚದುರಿದುದರಿಂದ. ಸುತ್ತಣ ಹಳ್ಳಿಗಳು ಕಂದಾಯವನ್ನು ಬೇರೊಬ್ಬ ದೊರೆಗೆ ತೆತ್ತು ಬದುಕಿದುವು. ಹಳ್ಳಿಗಳನ್ನು ನಿಜವಾಗಿ ಬರಿದುಮಾಡುತ್ತಿದ್ದ ಶಕ್ತಿ ಬೇರೊಂದಿತ್ತು. ಅದು ಬರ.

ಹತ್ತೊಂಬತ್ತನೆಯ ಶತಮಾನದಲ್ಲಿಯೂ ಈ ನಾಡಿನ ಗಡಿ ಸುಮ್ಮನಿರಲಿಲ್ಲ. ಹೈದರಾಬಾದಿನ ಕಾಂಟಿಂಜೆಂಟ್ ಸೈನ್ಯದ ಸಾಲದ ಬಾಬ್ತಿಗಾಗಿ ನಿಜಾಮರು 1853ರಲ್ಲಿ ದೋಆಬವನ್ನು ಇಂಗ್ಲಿಷರ ವಶಕ್ಕೆ ಒಪ್ಪಿಸಿದರು, 1860ರಲ್ಲಿ ಅದನ್ನು ಮರಳಿ ಪಡೆದರು. ಲಿಂಗಸುಗೂರು ದಂಡಿನ ಠಾಣ್ಯವಾಯಿತು, ಜಿಲ್ಲೆಯಾಯಿತು, 1905ರಲ್ಲಿ ಆ ಜಿಲ್ಲೆಯೂ ಒಡೆದು ರಾಯಚೂರು ಗುಲ್ಬರ್ಗಾಗಳಿಗೆ ಹಂಚಿಹೋಯಿತು. ಇವೆಲ್ಲವೂ ಕಾಗದದ ಮೇಲಿನ ಸಂಗತಿಗಳು. ಅದೇ ಅವಧಿಯಲ್ಲಿ ಬಂದ 1876-78ರ ಮಹಾಕ್ಷಾಮವು ದಕ್ಷಿಣ ಭಾರತದ ಒಣಭೂಮಿಯನ್ನೆಲ್ಲ ಅಲ್ಲಾಡಿಸಿತು. ಸರಿಯಾದ ಲೆಕ್ಕ ದೊರೆಯುವ ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷಕ್ಕೂ ಮೀರಿದ್ದ ಜನ 1881ಕ್ಕೆ 41 ಲಕ್ಷ 86 ಸಾವಿರಕ್ಕೆ ಇಳಿದಿದ್ದರು. ಅಲ್ಲಿ ಯಾವ ರಾಜ್ಯವೂ ಒಡೆದಿರಲಿಲ್ಲ, ಯಾವ ಗಡಿಯೂ ಸರಿದಿರಲಿಲ್ಲ. ಮಳೆ ಬರಲಿಲ್ಲ, ಅಷ್ಟೆ. ಮುಂದೆ 1918ರಲ್ಲಿ ಬಂದ ಇನ್‌ಫ್ಲುಯೆಂಜಾ ಜ್ವರದಿಂದ ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ 1911ರ 1 ಕೋಟಿ 33 ಲಕ್ಷದಿಂದ 1921ರಲ್ಲಿ 1 ಕೋಟಿ 24 ಲಕ್ಷಕ್ಕೆ ಕುಸಿಯಿತು; ಇಡೀ ಭಾರತದ ಜನಗಣತಿಯ ಇತಿಹಾಸದಲ್ಲಿ ಜನ ಕಡಿಮೆಯಾದ ದಶಕ ಅದೊಂದೇ. ಅಂದಿನ ಕುಗ್ಗುವಿಕೆಗೂ ಇಂದು ನಾವು ಕೇಳುವ ಕುಗ್ಗುವಿಕೆಗೂ ಒಂದು ಭೇದವುಂಟು. ಅಂದು ಬರವೂ ಬೇನೆಯೂ ಮೊದಲು ಕೊಂದುದು ಹೆಚ್ಚಾಗಿ ಕೂಸುಗಳನ್ನು ಮತ್ತು ಮುದುಕರನ್ನು. ಆ ಜ್ವರವೊಂದು ಮಾತ್ರ ಹರೆಯದವರನ್ನೂ ಬಿಡಲಿಲ್ಲ. ವೃದ್ಧರು ಉಳಿದು ತರುಣರು ಇಲ್ಲವಾಗುವ ಊರು ಎಂಬುದನ್ನು ಆ ಕಾಲದ ಜನ ಕಲ್ಪಿಸಲೂ ಆಗುತ್ತಿರಲಿಲ್ಲ.

ಅಂಥ ಊರು ಇಲ್ಲಿ ಮೊದಲ ಬಾರಿಗೆ ಕಾಣಿಸಿದುದು, ಸ್ವಲ್ಪ ಕಾಲದ ಮಟ್ಟಿಗಾದರೂ, 1947-48ರಲ್ಲಿ. ದೇಶವೆಲ್ಲ ಸ್ವತಂತ್ರವಾಗಿ ಹೈದರಾಬಾದು ಮಾತ್ರ ಪ್ರತ್ಯೇಕವಾಗಿ ನಿಲ್ಲಲು ಹವಣಿಸಿದ ಆ ಹದಿಮೂರು ತಿಂಗಳಲ್ಲಿ, ರಾಯಚೂರು ಜಿಲ್ಲೆಯ ಹೋರಾಟಗಾರರು ಗಡಿ ದಾಟಿ ಧಾರವಾಡ ಜಿಲ್ಲೆಗೆ ಸೇರಿದ್ದ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರಗಳನ್ನು ಹೂಡಿದರು. ಮುಂಡರಗಿಯ ಶಿಬಿರದ ನಾಯಕತ್ವ ಅಳವಂಡಿ ಶಿವಮೂರ್ತಿಸ್ವಾಮಿಯವರದಾಗಿತ್ತು. ನಿಜಾಮರ ಪರ ನಿಂತ ರಜಾಕಾರರ ಹಾವಳಿಗೆ ಅಂಜಿದ ಕುಟುಂಬಗಳೂ ಗಂಟುಮೂಟೆ ಕಟ್ಟಿಕೊಂಡು ಹೊರಟುವು. ನಡೆಯಲಾರದವರು, ದನಕರುಗಳನ್ನು ಬಿಡಲೊಲ್ಲದವರು, ಅಂದರೆ ಬಹುಮಟ್ಟಿಗೆ ವಯಸ್ಸಾದವರು, ಊರಿನಲ್ಲಿಯೇ ಉಳಿದರು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯ ಹೋದವರು ತಿರುಗಿ ಬಂದರು. ಬೇರೆ ಬಗೆಯ ಭಯದಿಂದ ಹಲವು ಮುಸಲ್ಮಾನ ಕುಟುಂಬಗಳು ಆಗ ಊರು ಬಿಟ್ಟುವೆಂಬುದನ್ನೂ ಈ ವೃತ್ತಾಂತವನ್ನು ಬರೆಯುವವರು ಮರೆಯಬಾರದು. ದುಃಖವನ್ನು ಒಂದೇ ಪಕ್ಷದ ಲೆಕ್ಕಕ್ಕೆ ಬರೆದರೆ ಅದು ಇತಿಹಾಸವಾಗಲಾರದು.

ಈ ಗಲಭೆಗಳಿಗಿಂತ ದೀರ್ಘವಾದ ಪರಿಣಾಮ ಮಾಡಿದ ಕಾರ್ಯವೊಂದು ಅದಕ್ಕೂ ಮೊದಲೇ ಆರಂಭವಾಗಿತ್ತು. 1945ರ ಫೆಬ್ರವರಿ 28ರಂದು ತುಂಗಭದ್ರೆಯ ಒಂದು ದಡದಲ್ಲಿ ಮದರಾಸಿನ ಗವರ್ನರ್ ಆರ್ಥರ್ ಹೋಪ್, ಇನ್ನೊಂದು ದಡದಲ್ಲಿ ನಿಜಾಮರ ಹಿರಿಯ ಮಗ, ಬೇರಾರಿನ ಯುವರಾಜ ಅಜಮ್ ಜಾಹ್ ಅಣೆಕಟ್ಟೆಗೆ ಅಸ್ತಿಭಾರ ಹಾಕಿದರು. ಬಲದಂಡೆ ಮದರಾಸಿನದು, ಎಡದಂಡೆ ಹೈದರಾಬಾದಿನದು. 1953ರಲ್ಲಿ ಕಾಲುವೆಗೆ ನೀರು ಬಿಡುವ ವೇಳೆಗೆ ಮದರಾಸು ಒಡೆದು ಆಂಧ್ರ ಬೇರೆಯಾಗುತ್ತಿತ್ತು, ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರುತ್ತಿದ್ದುವು; ಮತ್ತೆ ಮೂರು ವರ್ಷಕ್ಕೆ ಹೈದರಾಬಾದೇ ಇಲ್ಲವಾಯಿತು. ಹದಿನಾರು ಜಿಲ್ಲೆಗಳು, 1951ರ ಗಣತಿಯಂತೆ 1 ಕೋಟಿ 86 ಲಕ್ಷ ಜನ ಇದ್ದ ಆ ರಾಜ್ಯದ ತೆಲುಗು ಭಾಗ ಆಂಧ್ರಪ್ರದೇಶಕ್ಕೆ, ಮರಾಠವಾಡೆಯ ಐದು ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ, ರಾಯಚೂರು, ಗುಲ್ಬರ್ಗಾ, ಬೀದರುಗಳು ಮೈಸೂರಿಗೆ ಹಂಚಿಹೋದುವು. ರಾಯಚೂರು ಜಿಲ್ಲೆಯೂ ಪೂರ್ಣವಾಗಿ ಬರಲಿಲ್ಲ, ಗದ್ವಾಲ ಆಲಂಪುರ ತಾಲ್ಲೂಕುಗಳು ಮೆಹಬೂಬನಗರಕ್ಕೆ ಸೇರಿದುವು. ಹೀಗೆ ಎರಡು ಸರ್ಕಾರಗಳು ಕೂಡಿ ಕಟ್ಟಲು ತೊಡಗಿದ ಅಣೆಕಟ್ಟೆಯ ನೀರು ಹೊಲವನ್ನು ಸೇರುವಷ್ಟರಲ್ಲಿ ಒಂದು ಸರ್ಕಾರ ತುಂಡಾಗಿತ್ತು, ಇನ್ನೊಂದು ನಾಮಾವಶೇಷವಾಗಿತ್ತು. ಅಣೆಕಟ್ಟೆ ನಿಂತಿತು. ಮುಂದೆ ಎಡೆದೊರೆಯ ಜನ ಎಲ್ಲಿ ಹೆಚ್ಚಬೇಕು, ಎಲ್ಲಿಂದ ಹೋಗಬೇಕು ಎಂಬುದನ್ನು ನಿರ್ಣಯಿಸಿದುದು 1956ರ ಗಡಿರೇಖೆಗಿಂತ ಹೆಚ್ಚಾಗಿ, ಆ ಎಡದಂಡೆಯ ಕಾಲುವೆ ಹಾದುಹೋದ ರೇಖೆ.

ಎಡದಂಡೆಯ ಮುಖ್ಯ ಕಾಲುವೆ 227 ಕಿಲೋಮೀಟರು ಉದ್ದ. ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ಹಾದು ರಾಯಚೂರಿನತ್ತ ಸಾಗುತ್ತದೆ. ಬರದ ನಾಡನ್ನು ಬರದಿಂದ ಕಾಪಾಡುವುದು ಅದನ್ನು ಯೋಜಿಸಿದವರ ಮೂಲ ಉದ್ದೇಶವಾಗಿತ್ತು: ನೀರನ್ನು ತೆಳುವಾಗಿ ಬಹುದೂರ ಹರಡಿ, ಜೋಳ, ಹತ್ತಿ, ಕಡಲೆಗಳಂಥ ಮಿತನೀರಿನ ಬೆಳೆಗಳನ್ನು ಉಳಿಸುವುದು. ಆದರೆ ನೀರು ಬರುವ ಸುದ್ದಿಯ ಹಿಂದೆಯೇ ಕೃಷ್ಣಾ ಗೋದಾವರಿ ಮುಖಜಭೂಮಿಯ ತೆಲುಗು ರೈತರು ಬಂದರು. ಅಲ್ಲಿನ ಒಂದೆರಡು ಎಕರೆಯನ್ನು ಮಾರಿದ ಹಣಕ್ಕೆ ಇಲ್ಲಿ ಅದರ ಹಲವು ಪಟ್ಟು ಎರೆಹೊಲ ದೊರೆಯುತ್ತಿತ್ತು. ಗದ್ದೆ ಕಟ್ಟುವುದನ್ನೂ ಭತ್ತ ನಾಟಿ ಮಾಡುವುದನ್ನೂ ಅವರು ಬಲ್ಲರು. ಸ್ಥಳೀಯನಿಗೆ ಸಾಲವಿತ್ತು, ನೆಲವನ್ನು ಗದ್ದೆಯ ಮಟ್ಟಕ್ಕೆ ತರುವ ಬಂಡವಾಳವಿರಲಿಲ್ಲ. ಕಾಲುವೆಯ ಮಗ್ಗುಲಿನಲ್ಲಿ ಕ್ಯಾಂಪುಗಳು ಎದ್ದುವು. ಇಂದಿಗೂ ಸಿಂಧನೂರಿನ ಸುತ್ತ ಬಸ್ಸಿನ ಫಲಕಗಳ ಮೇಲೆ ಊರ ಹೆಸರಿನ ಕೊನೆಗೆ ಕ್ಯಾಂಪೆಂಬ ಮಾತು ಕಾಣುವುದು. ಆ ಜನ ದುಡಿದರು, ನೆಲವನ್ನು ಹಸಿರು ಮಾಡಿದರು, ಸಿಂಧನೂರನ್ನು ಅಕ್ಕಿಯ ಪೇಟೆಯಾಗಿಸಿದರು. ಅವರ ಶ್ರಮವನ್ನು ಹಗುರಾಗಿ ಕಾಣುವುದು ಸಲ್ಲದು. ಆದರೆ ತೆಳುವಾಗಿ ಹರಡಬೇಕಾಗಿದ್ದ ನೀರು ಮೇಲುಭಾಗದ ಭತ್ತದ ಗದ್ದೆಗಳಲ್ಲಿಯೇ ನಿಂತುಹೋಯಿತು. ಕೊನೆಭಾಗದ ರೈತ ಪ್ರತಿ ವರ್ಷ ಕಾಲುವೆಯ ಗೇಟಿನ ಮುಂದೆ ಧರಣಿ ಕೂಡುವವನಾದನು.

ಸಿಂಧನೂರಿನ ಈ ಭಾಗಕ್ಕೆ ಬಂದವರು ತೆಲುಗರು ಮಾತ್ರವೇ ಅಲ್ಲ. ಪಾಕಿಸ್ತಾನವೆಂಬ ರಾಜ್ಯ ಒಡೆದು ಬಂಗ್ಲಾದೇಶ ಹುಟ್ಟಿದ ಆ ವರ್ಷಗಳಲ್ಲಿ, ಪೂರ್ವ ಬಂಗಾಳವನ್ನು ಬಿಟ್ಟು ಬಂದ ಏಳು ನೂರಕ್ಕೂ ಹೆಚ್ಚು ಹಿಂದೂ ಕುಟುಂಬಗಳಿಗೆ ಭಾರತ ಸರ್ಕಾರ ಇಲ್ಲಿ ಪುನರ್ವಸತಿಯನ್ನು ಕಲ್ಪಿಸಿತು, ಆರ್.ಎಚ್. ಕ್ಯಾಂಪುಗಳೆಂದು ಜನ ಕರೆಯುವ ಆ ಊರುಗಳಲ್ಲಿ ಇಂದಿಗೂ ಮನೆಯೊಳಗೆ ಬಂಗಾಳಿ, ಸಂತೆಯಲ್ಲಿ ಕನ್ನಡ ನಡೆಯುತ್ತದೆ. ಎರಡು ಸಾವಿರ ಕಿಲೋಮೀಟರು ಆಚೆಯ ರಾಜ್ಯಭಂಗವೊಂದು ಎಡೆದೊರೆಯ ಜನಸಂಖ್ಯೆಯನ್ನು ಹೆಚ್ಚಿಸಿತೆಂಬುದು ನಮ್ಮ ಪ್ರಶ್ನೆಗೆ ಬಹು ಮುಖ್ಯವಾದ ಸಂಗತಿ. ರಾಜ್ಯ ಒಡೆದಾಗ ಜನ ಹೋಗುವ ಊರೊಂದಿದ್ದರೆ ಜನ ಬಂದು ಸೇರುವ ಊರೂ ಒಂದಿರುತ್ತದೆ. ಮತ್ತು ಎರಡನ್ನೂ ಬೇರ್ಪಡಿಸುವುದು ಅನ್ನದ ಆಸರೆ. ಕಾಲುವೆಯ ಕೆಳಗಿನ ಸಿಂಧನೂರು ಬಂಗಾಳದಿಂದ ಬಂದವರನ್ನೂ ಸಾಕಿತು. ಆ ಕಾಲುವೆ ಮುಟ್ಟದ ಮಸ್ಕಿ, ಲಿಂಗಸುಗೂರು, ದೇವದುರ್ಗದ ಹಳ್ಳಿಗಳು ತಮ್ಮ ಹೊಟ್ಟೆಯಲ್ಲಿ ಹುಟ್ಟಿದವರನ್ನೇ ಸಾಕಲಾರದೆ ಹೋದುವು.

ಇಲ್ಲಿ ಪೂರ್ವ ಯುರೋಪಿನ ಮಾತನ್ನು ಎತ್ತಬೇಕು. 1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ವಿಸರ್ಜನೆಯಾಗಿ ಹದಿನೈದು ದೇಶಗಳು ಹುಟ್ಟಿದುವು. ಅದೇ ಸಮಯಕ್ಕೆ ಯುಗೋಸ್ಲಾವಿಯ ಯುದ್ಧದಲ್ಲಿ ಛಿದ್ರವಾಯಿತು. 1989ರ ಗಣತಿಯಲ್ಲಿ 26 ಲಕ್ಷ 66 ಸಾವಿರವಿದ್ದ ಲಾಟ್ವಿಯಾದ ಜನ 2021ಕ್ಕೆ 18 ಲಕ್ಷ 93 ಸಾವಿರವಾದರು. ಕ್ರೊಯೇಷಿಯ 1991ರ 47 ಲಕ್ಷ 84 ಸಾವಿರದಿಂದ 2021ರಲ್ಲಿ 38 ಲಕ್ಷ 71 ಸಾವಿರಕ್ಕಿಳಿಯಿತು. ಬೋಸ್ನಿಯ 43 ಲಕ್ಷ 77 ಸಾವಿರದಿಂದ 2013ರಲ್ಲಿ 35 ಲಕ್ಷ 31 ಸಾವಿರಕ್ಕಿಳಿಯಿತು. ರಷ್ಯದಲ್ಲಿ 1992ರಿಂದ ಸಾವುಗಳು ಹುಟ್ಟುಗಳನ್ನು ಮೀರಿದುವು. ಗಂಡಸರ ಸರಾಸರಿ ಆಯುಷ್ಯ 65ರ ಆಸುಪಾಸಿನಿಂದ 1994ರಲ್ಲಿ 58ಕ್ಕಿಂತ ಕೆಳಗಿಳಿಯಿತು. ಕಾರ್ಖಾನೆಗಳು ಮುಚ್ಚಿದುವು, ಉಳಿತಾಯದ ಹಣ ಬೆಲೆಯೇರಿಕೆಯಲ್ಲಿ ಕರಗಿತು, ಮದ್ಯ ಮನೆಗಳನ್ನು ತಿಂದಿತು. 2004ರಲ್ಲಿ ಯುರೋಪಿನ ಒಕ್ಕೂಟಕ್ಕೆ ಸೇರಿದ ಮೇಲೆ ಬಾಲ್ಟಿಕ್ ದೇಶಗಳ ತರುಣರು ಐರ್ಲೆಂಡು, ಇಂಗ್ಲೆಂಡುಗಳಿಗೆ ಹೊರಟುಹೋದರು. ಹುಟ್ಟುವವರು ಮೊದಲೇ ಕಡಿಮೆಯಿದ್ದ ಸಮಾಜದಿಂದ ಹುಟ್ಟಿದವರೂ ಹೋದುದರಿಂದ ಹಳ್ಳಿಗಳಲ್ಲಿ ಪಿಂಚಣಿ ಪಡೆಯುವವರು ಉಳಿದರು.

ಆದರೆ ಹದಿನೈದೂ ದೇಶಗಳ ಕಥೆ ಒಂದೇ ಆಗಲಿಲ್ಲ. ಅದೇ ಒಕ್ಕೂಟದಿಂದ, ಅದೇ ವರ್ಷ ಬೇರೆಯಾದ ಉಜ್ಬೇಕಿಸ್ತಾನದ ಜನ ಎರಡು ಕೋಟಿಯಿಂದ ಮೂರೂವರೆ ಕೋಟಿಗೂ ಮೀರಿ ಬೆಳೆದರು. ತಾಜಿಕಿಸ್ತಾನ 1992ರಿಂದ 1997ರವರೆಗೆ ಅಂತರ್ಯುದ್ಧದಲ್ಲಿ ಬೆಂದರೂ ಅಲ್ಲಿನ ಜನ ಕುಗ್ಗಲಿಲ್ಲ, ಹೆಚ್ಚಿದರು. ಆದರೂ ಅಲ್ಲಿನ ಬೆಟ್ಟದ ಹಳ್ಳಿಗಳಲ್ಲಿ ವರ್ಷದ ಬಹುಭಾಗ ಹರೆಯದ ಗಂಡಸು ಕಾಣಸಿಗುವುದಿಲ್ಲವೆಂದು ಹೇಳುತ್ತಾರೆ, ಏಕೆಂದರೆ ಅವರೆಲ್ಲ ಮಾಸ್ಕೋ ಮೊದಲಾದ ನಗರಗಳ ಕಟ್ಟಡದ ಕೆಲಸದಲ್ಲಿರುತ್ತಾರೆ. ಈ ಎರಡು ಚಿತ್ರಗಳನ್ನು ಜೊತೆಯಲ್ಲಿಟ್ಟು ನೋಡಿದಾಗ ನನಗೆ ತೋರುವುದು ಇಷ್ಟು: ಊರಿಗೆ ಮುಪ್ಪು ಎರಡು ದಾರಿಯಿಂದ ಬರುತ್ತದೆ, ತೊಟ್ಟಿಲಿನ ದಾರಿಯಿಂದ ಮತ್ತು ರಸ್ತೆಯ ದಾರಿಯಿಂದ. ಕರ್ನಾಟಕದಲ್ಲಿ ಮೊದಲನೆಯದಕ್ಕೆ ಮಲೆನಾಡು ಉದಾಹರಣೆ. 2001ರಿಂದ 2011ರ ನಡುವೆ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11 ಲಕ್ಷ 41 ಸಾವಿರದಿಂದ 11 ಲಕ್ಷ 38 ಸಾವಿರಕ್ಕೆ ಇಳಿಯಿತು, ಕೊಡಗಿನದು ಶೇಕಡಾ ಒಂದರಷ್ಟು ಮಾತ್ರ ಬೆಳೆಯಿತು. ಅಲ್ಲಿಯೂ ತರುಣರು ಊರು ಬಿಡುವುದುಂಟು. ಆದರೆ ತೊಟ್ಟಿಲು ತೂಗುವ ಮನೆಗಳೇ ಅಲ್ಲಿ ವಿರಳವಾಗಿವೆ. ಎರಡನೆಯದಕ್ಕೆ ಎಡೆದೊರೆ ಉದಾಹರಣೆ. ಅದೇ ಹತ್ತು ವರ್ಷಗಳಲ್ಲಿ ರಾಯಚೂರು ಜಿಲ್ಲೆ 16 ಲಕ್ಷ 70 ಸಾವಿರದಿಂದ 19 ಲಕ್ಷ 29 ಸಾವಿರಕ್ಕೆ ಏರಿತು. ಈ ಅಂಕಿಯನ್ನು ಕಂಡು ಇಲ್ಲಿ ಮುಪ್ಪಿನ ಪ್ರಶ್ನೆಯೇ ಇಲ್ಲವೆಂದು ತೀರ್ಮಾನಿಸುವವರಿದ್ದಾರೆ. ಹಳೆಯ ಹೈದರಾಬಾದಿನ ತುಂಡಾದ ನಮ್ಮ ಜಿಲ್ಲೆಗೆ ಲಾಟ್ವಿಯಾ ದೂರದ ನೆಂಟ, ತಾಜಿಕಿಸ್ತಾನ ಹತ್ತಿರದ ನೆಂಟ, ಎಂಬುದು ಅವರ ಗಮನಕ್ಕೆ ಬಂದಿಲ್ಲ.

ಮುಂಗಾರಿಯ ಬೆಳೆ ಕೊಯ್ದು ಕಣ ಮುಗಿದ ಮೇಲೆ, ಮಳೆ ಕೈಕೊಟ್ಟ ವರ್ಷವಾದರೆ ದೀಪಾವಳಿ ಮುಗಿಯುವ ಮೊದಲೇ, ಈ ಭಾಗದ ಹಳ್ಳಿಗಳಲ್ಲಿ ಗುಳೆ ಆರಂಭವಾಗುತ್ತದೆ. ಸಂಜೆಯಾಗುತ್ತಲೆ ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ಸಿಗೆ ಕಾಯುವ ಕುಟುಂಬಗಳನ್ನು ನೋಡಬೇಕು: ಅರ್ಧ ಚೀಲ ಜೋಳ ಅಥವಾ ಪಡಿತರದ ಅಕ್ಕಿ, ಬಟ್ಟೆಯಲ್ಲಿ ಕಟ್ಟಿದ ಕಟಿರೊಟ್ಟಿಯ ಗಂಟು, ಪುಂಡಿಪಲ್ಯದ ಡಬ್ಬಿ, ಒಂದು ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟು ಸೀರೆಯ ತುಂಡಿನಿಂದ ಬಿಗಿದ ಅಡಿಗೆಯ ಸಾಮಾನು, ಮಡಚಿದ ತಾಡಪಾಲು, ಸೊಂಟದ ಮೇಲೆ ಮೊಲೆ ಬಿಡದ ಕೂಸು. ಮೇಸ್ತ್ರಿ ಕೊಟ್ಟ ಮುಂಗಡದಲ್ಲಿ ಹಳೆಯ ಕೈಗಡ ತೀರಿರುತ್ತದೆ, ಉಳಿದುದು ಬಸ್ಸಿನ ಖರ್ಚಿಗೆ. ಬೆಂಗಳೂರಿನ ಹೊರವಲಯದಲ್ಲಿ ಏಳುವ ಕಟ್ಟಡದ ಮಗ್ಗುಲಲ್ಲಿ ತಗಡಿನ ಶೆಡ್ಡು ಅವರ ಮನೆ. ಕೆಲವರು ಪುಣೆ, ಮುಂಬಯಿ, ಗೋವೆಗಳ ಕಡೆಗೂ ಹೋಗುವುದುಂಟು. ಶಾಲೆಗೆ ಹೋಗುವ ಮಕ್ಕಳು ಅಜ್ಜಿಯ ಪಾಲಿಗೆ ಉಳಿಯುತ್ತವೆ. ಊರಿಗೆ ಹೋಗಿ ಯಾರ ಮನೆಯ ಬಾಗಿಲಲ್ಲಿ ನಿಂತು ಮಕ್ಕಳೆಲ್ಲಿ ಎಂದು ಕೇಳಿದರೂ ‘ದುಡಿಯಾಕ ಹೋಗ್ಯಾರ’ ಎಂಬ ಒಂದೇ ಮಾತು ಬರುತ್ತದೆ.

ಉಳಿದ ವೃದ್ಧರ ದಿನಚರಿಯನ್ನು ಯಾವ ಜನಸಂಖ್ಯಾಶಾಸ್ತ್ರವೂ ಬರೆದಿಟ್ಟಿಲ್ಲ. ಆಡು ಕಾಯುವುದು, ನೀರು ಹಿಡಿಯುವುದು, ಮೊಮ್ಮಕ್ಕಳಿಗೆ ರೊಟ್ಟಿ ಬಡಿದು ಶಾಲೆಗೆ ಅಟ್ಟುವುದು, ಮಗ ಕಳಿಸಿದ ಹಣವನ್ನು ತರಲು ಬಲ್ಲವರನ್ನು ಹುಡುಕುವುದು, ತಿಂಗಳಿಗೆ 1200 ರೂಪಾಯಿಯ ಸಂಧ್ಯಾ ಸುರಕ್ಷಾ ವೇತನಕ್ಕಾಗಿ ಕಾಯುವುದು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟನ್ನು ಯಂತ್ರದ ಮೇಲೆ ಒತ್ತಬೇಕು; ಐವತ್ತು ವರ್ಷ ಕುರ್ಚಿಗಿ ಹಿಡಿದು ಕಳೆ ತೆಗೆದ, ಹತ್ತಿ ಬಿಡಿಸಿದ, ಕಲ್ಲು ಹೊತ್ತ ಬೆರಳಿನಲ್ಲಿ ಗೆರೆಗಳು ಸವೆದುಹೋಗಿರುತ್ತವೆ, ಯಂತ್ರ ಅದನ್ನು ಗುರುತಿಸುವುದಿಲ್ಲ. ಮುದುಕಿ ಸೆರಗಿನಿಂದ ಬೆರಳನ್ನು ಒರೆಸಿ ಮತ್ತೆ ಒತ್ತುತ್ತಾಳೆ, ಎಣ್ಣೆ ಹಚ್ಚಿ ಒತ್ತುತ್ತಾಳೆ, ಇನ್ನೊಂದು ಕೈಯ ಬೆರಳನ್ನು ಒತ್ತುತ್ತಾಳೆ. ಕಾರ್ಡಿನಲ್ಲಿ ಹೆಸರಿರುವ ಮಗನೂ ಸೊಸೆಯೂ ನೂರಾರು ಕಿಲೋಮೀಟರು ದೂರದಲ್ಲಿರುವುದರಿಂದ ಆಕೆಯ ಬದಲಿಗೆ ಬೆರಳು ಕೊಡುವವರು ಮನೆಯಲ್ಲಿಲ್ಲ. ಊರಿನಲ್ಲಿ ಸಾವು ಸಂಭವಿಸಿದರೆ ಹೆಣ ಹೊರುವುದಕ್ಕೆ ಪಕ್ಕದ ಓಣಿಯ ಗಂಡಸರನ್ನು ಕರೆಯಬೇಕು. ಯುಗಾದಿಗೋ ಊರ ಜಾತ್ರೆಗೋ ಹೋದವರು ತಿರುಗಿ ಬರುತ್ತಾರೆ, ಓಣಿ ತುಂಬುತ್ತದೆ, ಲಗ್ನಗಳು ನಡೆಯುತ್ತವೆ. ನಾಲ್ಕು ದಿನ ಕಳೆದ ಮೇಲೆ ಮತ್ತೆ ಅದೇ ಬಸ್ಸು. ಹೀಗೆ ಊರು ವರ್ಷಕ್ಕೊಂದು ಸಲ ಮುಪ್ಪಾಗಿ, ಮುಂಗಾರಿಗೆ ಮತ್ತೆ ಹರೆಯಕ್ಕೆ ಬರುತ್ತದೆ. ಮಳೆ ತಪ್ಪಿದ ವರ್ಷ ಆ ಹರೆಯವೂ ಮರಳುವುದಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದ 2023ರಂಥ ವರ್ಷದಲ್ಲಿ ಮುಂಗಾರಿಗೂ ಹಿಂತಿರುಗದೆ ಉಳಿದವರು ಬಹಳ.

2020ರ ಮಾರ್ಚಿನ ಕೊನೆಯಲ್ಲಿ ಕೊರೋನಾದ ಕಾರಣ ದೇಶವೆಲ್ಲ ಬಾಗಿಲು ಮುಚ್ಚಿದಾಗ ಈ ಮರೆಯಾದ ಜನ ಎಷ್ಟೆಂಬುದು ಒಮ್ಮೆಗೇ ಕಣ್ಣಿಗೆ ಬಿತ್ತು. ಬಸ್ಸಿಲ್ಲದೆ ಬೆಂಗಳೂರಿನಿಂದ ಸಿಂಧನೂರಿನ ಕಡೆಗೆ ನಡೆದು ಹೊರಟವರಲ್ಲಿ ಒಬ್ಬ ತರುಣ ಹೆಂಗಸು ಊರು ಸೇರದೆ ಬಳ್ಳಾರಿಯಲ್ಲಿ ತೀರಿಕೊಂಡಳು. ಸೇರಿದವರನ್ನು ಉದ್ಯೋಗ ಖಾತ್ರಿಯ ಕೆರೆ ಹೂಳೆತ್ತುವ ಕೆಲಸ ಕೆಲವು ತಿಂಗಳು ಕಾಪಾಡಿತು. ಆ ಬೇಸಗೆಯಲ್ಲಿ ಹಲವು ವರ್ಷಗಳ ತರುವಾಯ ಓಣಿಗಳಲ್ಲಿ ಹರೆಯದವರು ತುಂಬಿದ್ದರು. ತುಂಬಿದ ಓಣಿ ಸಂತೋಷ ತರಬೇಕಾಗಿತ್ತು, ಕೂಲಿಯಿಲ್ಲದ ಮನೆಗಳಲ್ಲಿ ಅದು ಚಿಂತೆಯನ್ನೂ ತಂದಿತು.

ಪಾಮನಕಲ್ಲೂರಿನ ಹೆಸರು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಂಡುದು ಅದೇ ವರ್ಷ. ಕೃಷ್ಣೆಗೆ ಕಟ್ಟಿದ ನಾರಾಯಣಪುರ ಅಣೆಕಟ್ಟೆ 1982ರಲ್ಲಿ ಮುಗಿದು, ಅದರ ಬಲದಂಡೆಯ ಕಾಲುವೆ ಲಿಂಗಸುಗೂರು, ದೇವದುರ್ಗಗಳ ಕಡೆಗೆ ಹರಿದಿತ್ತು. ಉತ್ತರದಿಂದ ಬಂದ ಕೃಷ್ಣೆಯ ನೀರಿಗೂ ದಕ್ಷಿಣದಿಂದ ಬಂದ ತುಂಗಭದ್ರೆಯ ನೀರಿಗೂ ನಡುವೆ, ಎರಡೂ ಮುಟ್ಟದ ಒಂದು ಪಟ್ಟಿ ಉಳಿದುಹೋಯಿತು. ಅದರಲ್ಲಿರುವವು ಪಾಮನಕಲ್ಲೂರಿನ ಸುತ್ತಣ ಊರುಗಳು. ಆ ಬಲದಂಡೆಯಿಂದ 5ಎ ಶಾಖಾ ಕಾಲುವೆಯನ್ನು ತೆಗೆದು ತಮ್ಮ ಹೊಲಗಳಿಗೆ ನೀರು ಹರಿಸಬೇಕೆಂದು ರೈತರು 2020ರ ನವೆಂಬರಿನಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕುಳಿತರು. ನಂದವಾಡಗಿ ಏತ ನೀರಾವರಿಯಿಂದ ನೀರು ಕೊಡುವೆವೆಂದು ಸರ್ಕಾರ ಹೇಳಿತು. ಏತದ ನೀರು ವಿದ್ಯುತ್ತನ್ನೂ ಪಂಪನ್ನೂ ನಂಬಿದ್ದು, ತಾನಾಗಿ ಹರಿದುಬರುವ ಕಾಲುವೆಯೇ ಬೇಕೆಂದು ರೈತರು ಪಟ್ಟುಹಿಡಿದರು. ಧರಣಿ ನೂರು ದಿನವನ್ನು ದಾಟಿತು. 2021ರ ಏಪ್ರಿಲ್ 17ರ ಮಸ್ಕಿ ಉಪಚುನಾವಣೆಯಲ್ಲಿ ಎಲ್ಲ ಪಕ್ಷಗಳೂ ಈ ಕಾಲುವೆಯ ಮಾತನ್ನು ಆಡಲೇಬೇಕಾಯಿತು.

ಆ ಬೇಡಿಕೆಯನ್ನು ನೀರಾವರಿಯ ಬೇಡಿಕೆಯೆಂದಷ್ಟೇ ಎಲ್ಲರೂ ಬರೆದರು. ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳುವ ಬೇಡಿಕೆಯೂ ಅದಾಗಿತ್ತೆಂದು ನಾನು ದೃಢವಾಗಿ ನಂಬಿದ್ದೇನೆ. ಒಂದು ಎಕರೆ ಒಣಹೊಲದಲ್ಲಿ ವರ್ಷಕ್ಕೊಂದು ಬೆಳೆ, ಅದೂ ಮಳೆಯ ದಯೆಯಿಂದ. ಆ ಹೊಲ ಕೊಡುವ ಕೂಲಿದಿನಗಳು ಮೂರು ನಾಲ್ಕು ತಿಂಗಳಲ್ಲಿ ಮುಗಿಯುತ್ತವೆ. ನೀರು ಬಂದ ಹೊಲದಲ್ಲಿ ಎರಡನೆಯ ಬೆಳೆಯೆಂದರೆ ಮತ್ತಷ್ಟು ತಿಂಗಳ ಕೆಲಸ. ಬೇಸಗೆಯಲ್ಲಿ ಬಸ್ಸು ಹತ್ತದಿರಲು ಒಂದು ಕಾರಣ. ಕಾಲುವೆ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ತುಂಗಭದ್ರೆಯ ಜಲಾಶಯದಲ್ಲಿ ಹೂಳು ತುಂಬಿ 133 ಟಿಎಂಸಿ ಹಿಡಿಯುತ್ತಿದ್ದುದು 105ರ ಸಮೀಪಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೆಯ ಗೇಟು ಕೊಚ್ಚಿಹೋದಾಗ ಸಿಂಧನೂರಿನ ಗದ್ದೆಯವರೂ ನಿದ್ದೆಗೆಟ್ಟರು. ಹೊಲವಿಲ್ಲದ ಕೂಲಿಯವನಿಗೆ ಕಾಲುವೆಯ ನೀರು ನೇರವಾಗಿ ಬರುವುದೂ ಇಲ್ಲ. ಆದರೂ ಕಾಲುವೆಯ ಕೆಳಗಿನ ಊರು ಹೊರಗಿನವರನ್ನು ಕರೆದು ಕೆಲಸ ಕೊಟ್ಟಿದೆ, ಕಾಲುವೆ ಮುಟ್ಟದ ಊರು ತನ್ನವರನ್ನು ಹೊರಗೆ ಕಳಿಸಿದೆ. ಎಪ್ಪತ್ತು ವರ್ಷದ ಈ ಅನುಭವವನ್ನು ಸುಳ್ಳೆನ್ನಲು ಬಾರದು. ಸರ್ಕಾರಗಳೂ ಸುಮ್ಮನಿರಲಿಲ್ಲ. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿ 2002ರಲ್ಲಿ ವರದಿ ಒಪ್ಪಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. 2012ರ ತಿದ್ದುಪಡಿಯಿಂದ ಈ ಭಾಗಕ್ಕಾಗಿ ಸಂವಿಧಾನಕ್ಕೆ 371ಜೆ ವಿಧಿಯನ್ನು ಸೇರಿಸಲಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವೆಂಬ ಹೆಸರು ಕಲ್ಯಾಣ ಕರ್ನಾಟಕವಾಯಿತು. ಓದಿದ ಮಕ್ಕಳಿಗೆ ಆ ವಿಧಿಯಿಂದ ಸೀಟುಗಳೂ ನೌಕರಿಗಳೂ ದೊರೆತಿವೆ, ಅದು ದೊಡ್ಡ ಉಪಕಾರ. ಓದು ಅರ್ಧಕ್ಕೆ ನಿಂತವರ ದಾರಿ ಮಾತ್ರ ಇನ್ನೂ ಬೆಂಗಳೂರಿನ ತಗಡಿನ ಶೆಡ್ಡಿಗೇ ಹೋಗುತ್ತದೆ.

ಮುಂದೆ ಬರಲಿರುವ ಕಾಲವನ್ನೂ ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹೆಂಗಸೊಬ್ಬಳು ಹೆರುವ ಮಕ್ಕಳ ಸರಾಸರಿ 1.7, ಜನಸಂಖ್ಯೆ ಸಮನಾಗಿ ನಿಲ್ಲಲು ಬೇಕಾದುದು 2.1. ಈಶಾನ್ಯದ ಜಿಲ್ಲೆಗಳಲ್ಲಿ ಅದು ಇನ್ನೂ ಹೆಚ್ಚಿದ್ದರೂ ಅಲ್ಲಿಯೂ ಇಳಿಯುತ್ತಿದೆ. ತೊಟ್ಟಿಲಿನ ದಾರಿಯ ಮುಪ್ಪೂ ರಸ್ತೆಯ ದಾರಿಯ ಮುಪ್ಪೂ ಇಲ್ಲಿ ಕೂಡಿಕೊಳ್ಳುವ ದಿನ ದೂರವಿಲ್ಲ. ಆಗ ಈ ಊರುಗಳಿಗೆ ಯುಗಾದಿಗೆ ಬರುವವರೂ ಕಡಿಮೆಯಾಗುವರು. ಅಷ್ಟರೊಳಗೆ ಮಾಡಬೇಕಾದ ಮೊದಲ ಕೆಲಸ ಎಣಿಕೆ. ಬೋಸ್ನಿಯ ತನ್ನ ಜನರನ್ನು ಎಣಿಸಲು ಇಪ್ಪತ್ತೆರಡು ವರ್ಷ ತೆಗೆದುಕೊಂಡಿತು. ಉತ್ತರ ಮ್ಯಾಸಿಡೋನಿಯ 2011ರಲ್ಲಿ ತೊಡಗಿದ ಗಣತಿಯನ್ನು ನಡುವೆಯೇ ನಿಲ್ಲಿಸಿ, 2021ರಲ್ಲಿ ಎಣಿಸಿದಾಗ 20 ಲಕ್ಷವಿದ್ದವರು 18 ಲಕ್ಷವಾಗಿದ್ದರು. ನಮ್ಮಲ್ಲಿಯೂ 2021ರ ಗಣತಿ ತಪ್ಪಿ, ಮುಂದಿನದು 2027ರ ಮಾರ್ಚ್ 1ನ್ನು ಆಧಾರವಾಗಿಟ್ಟುಕೊಂಡು ನಡೆಯಬೇಕೆಂದು ಗೊತ್ತಾಗಿದೆ. 2011ರ ಗಣತಿಯೂ ಫೆಬ್ರವರಿ 9ರಿಂದ 28ರವರೆಗೆ ನಡೆದಿತ್ತು. ಫೆಬ್ರವರಿಯೆಂದರೆ ಎಡೆದೊರೆಯಲ್ಲಿ ಗುಳೆಯ ನಡುಗಾಲ. ಗಣತಿಯವರು ಪಾಮನಕಲ್ಲೂರಿಗೆ ಬರುವಾಗ ಮನೆಯಲ್ಲಿರುವವರು ಅಜ್ಜ, ಅಜ್ಜಿ, ಶಾಲೆಗೆ ಹೋಗುವ ಎರಡು ಮಕ್ಕಳು. ಬೆಂಗಳೂರಿನಲ್ಲಿ ಅದೇ ಮನೆಯ ನಾಲ್ವರು ಹೆಸರಿಲ್ಲದ ಒಂದು ಶೆಡ್ಡಿನಲ್ಲಿ, ಕೆಲಸ ಮುಗಿದೊಡನೆ ಬೇರೆ ಶೆಡ್ಡಿಗೆ ಹೋಗತಕ್ಕವರು. ಅವರನ್ನು ಯಾವ ಊರಿನ ಪುಸ್ತಕದಲ್ಲಿ ಬರೆಯಬೇಕೆಂಬುದು ಈಗಲೇ ನಿಶ್ಚಯವಾಗಬೇಕು. ಗ್ರಾಮ ಪಂಚಾಯತಿಗಳು ಗುಳೆ ಹೋಗುವ ಕುಟುಂಬಗಳ ಹೆಸರನ್ನು ದೀಪಾವಳಿಗೆ ಮೊದಲು ಮನೆಮನೆಗೆ ಹೋಗಿ ಬರೆದುಕೊಳ್ಳಬೇಕು, ಹೋಗುವ ಊರು, ಮೇಸ್ತ್ರಿಯ ಹೆಸರು, ಹಿಂದೆ ಬಿಟ್ಟುಹೋಗುವ ವೃದ್ಧರ ವಯಸ್ಸು, ಎಲ್ಲವೂ ಅದರಲ್ಲಿರಬೇಕು. ಅಂಗನವಾಡಿಯ ಊಟ, ಶಾಲೆಯ ಶಿಕ್ಷಕರ ಸಂಖ್ಯೆ, ಪಡಿತರದ ಚೀಲಗಳು, ಆರೋಗ್ಯ ಕೇಂದ್ರದ ಮಾತ್ರೆಗಳು, ಮುಂದಿನ ಕಾಲುವೆಯ ಅಂದಾಜುಪಟ್ಟಿ ಇವೆಲ್ಲವೂ ಹತ್ತು ವರ್ಷ ನಿಂತಿರುವುದು ಆ ಗಣತಿಯ ಪುಸ್ತಕದ ಮೇಲೆ.